ಹಂಗೇರಿಯಿಂದ ಬಂದು ಕಾದು ಕೂತವನು

ಅವನ ಎರಡು ತೋಳುಗಳು ಒಂದೇ ದೇಹದವು ಎಂದು ನಂಬುವುದು ಕಷ್ಟವಾಗಿತ್ತು. ಬಲದ ಮುಂಗೈ ತೆಂಗಿನಮರ ಹತ್ತುವವರದ್ದರ ಹಾಗೆ ನರ ಉಬ್ಬಿ ದಪ್ಪಗಿತ್ತು. ಎಡದ್ದು ತೆಳ್ಳಗೆ, ನೆರಳಿನಲ್ಲಿ ಕೂತು ಕೆಲಸ ಮಾಡುವವರ ಕೈಯಂತಿತ್ತು. ಬಲ ಮಣಿಕಟ್ಟಿನ ಒಳಗಡೆ ವೈದ್ಯರು ಕೊಯ್ದು ಹೊಲಿದ ಗೆರೆ. ಬೂಟು, ಕಾಲುಚೀಲ ಕಳಚಿದಾಗ ಇನ್ನೊಂದು ವಿಚಿತ್ರ ಕಾಣುತ್ತಿತ್ತು. ಮೊಣಕಾಲಿನಿಂದ ಕೆಳಗೆ ಬಿಸಿಲಿಗೆ ಬೆಂದ ಇಟ್ಟಿಗೆಯ ಬಣ್ಣ. ಪಾದಗಳು ಮಾತ್ರ ಆಗತಾನೆ ಸಿಪ್ಪೆ ಸುಲಿದ ಆಲೂಗಡ್ಡೆ. ಎರಡೂ ಹೆಬ್ಬೆರಳಿನ ಉಗುರು ಕಪ್ಪು. ಓಡಿ ಓಡಿ ತಟ್ಟನೆ ನಿಲ್ಲುವವರ ಉಗುರು ಹಾಗಾಗುತ್ತದೆ. ಟೆನಿಸ್ ಆಡುವುದು ಅವನ ಉದ್ಯೋಗ. ಊರು ಹಂಗೇರಿ ದೇಶದ ಸೆಗೆಡ್. ನಾನು ಅವನನ್ನು ಕಂಡದ್ದು ತುಮಕೂರಿನಲ್ಲಿ, ಎರಡು ಚಳಿಗಾಲ ಮಾತ್ರ.

ನಾನು ದೈಹಿಕ ಶಿಕ್ಷಣದ ಮೇಷ್ಟ್ರು. ಗುಬ್ಬಿಯ ಹೈಸ್ಕೂಲಿನಲ್ಲಿ ಬಹುಕಾಲ ಇದ್ದು, ಕುಣಿಗಲ್‌ನಲ್ಲಿ ನಿವೃತ್ತನಾಗಿ, ಈಗ ತುಮಕೂರಿನಲ್ಲಿ ಇದ್ದೇನೆ. ಬೆಳೆದದ್ದು ಮಠದ ವಿದ್ಯಾರ್ಥಿನಿಲಯದಲ್ಲಿ. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಪ್ರಾರ್ಥನೆ, ಗಂಟೆ ಹೊಡೆದರೆ ಸಾಲಾಗಿ ಕೂತು ಮುದ್ದೆ. ಆ ಕ್ರಮ ನನ್ನನ್ನು ಬಿಟ್ಟಿಲ್ಲ. ಹೆಂಡತಿ ಇರುವವರೆಗೆ ನನ್ನ ಹೊತ್ತುಗೊತ್ತಿನ ಮೇಲೆ ಗೊಣಗುವವರು ಒಬ್ಬರಿದ್ದರು. ಅವಳು ಹೋದ ಮೇಲೆ ನಾನು ಸರಿಯಾದ ಹೊತ್ತಿಗೆ ಎದ್ದರೂ ಒಂದೇ, ಏಳದಿದ್ದರೂ ಒಂದೇ. ಆದರೂ ಏಳುತ್ತೇನೆ.

ನಗರದ ಕ್ರೀಡಾಂಗಣದಲ್ಲಿ ಚಳಿಗಾಲದಲ್ಲಿ ಒಂದು ಅಂತರರಾಷ್ಟ್ರೀಯ ಟೆನಿಸ್ ಪಂದ್ಯಾವಳಿ ನಡೆಯುತ್ತಿತ್ತು. ಹೆಸರು ದೊಡ್ಡದು, ಪಂದ್ಯಾವಳಿ ಚಿಕ್ಕದು. ಟಿ.ವಿ.ಯಲ್ಲಿ ಕಾಣುವವರು ಯಾರೂ ಇಲ್ಲಿಗೆ ಬರುವುದಿಲ್ಲ. ಅಲ್ಲಿಗೆ ಹತ್ತಬೇಕೆನ್ನುವ ಹುಡುಗರು ಬರುತ್ತಾರೆ, ಅಲ್ಲಿಗೆ ಹತ್ತಲಾರದೆ ಇಳಿಯುತ್ತಿರುವವರು ಬರುತ್ತಾರೆ. ನನಗೆ ಅಭ್ಯಾಸದ ಕೋರ್ಟುಗಳ ಉಸ್ತುವಾರಿ ಕೊಟ್ಟಿದ್ದರು. ಬೆಳಗ್ಗೆ ಬೇಗ ಬಂದು ಮೇಜು ಹಾಕಿಕೊಂಡು ಕೂರುವುದು, ಯಾವ ಕೋರ್ಟು ಯಾರಿಗೆ ಎಂದು ಹಂಚುವುದು. ಕೋರ್ಟುಗಳು ಕಡಿಮೆ, ಆಟಗಾರರು ಹೆಚ್ಚು. ಆದ್ದರಿಂದ ಇಬ್ಬರು ಜೊತೆಯಾಗಿ ಬಂದರೆ ಮಾತ್ರ ಕೋರ್ಟು.

ಮೊದಲ ವರ್ಷ ಅವನು ಒಬ್ಬನೇ ಬಂದ. ತರಬೇತುದಾರನಿಲ್ಲ, ಗೆಳೆಯನಿಲ್ಲ. ಹುಡುಗರು ಹುಡುಗರ ಜೊತೆ ಆಡಿಕೊಳ್ಳುತ್ತಿದ್ದರು. ಮೂವತ್ತು ದಾಟಿದ, ಸರಿಯಾಗಿ ಇಂಗ್ಲಿಷ್ ಬಾರದ ಮನುಷ್ಯನನ್ನು ಯಾರೂ ಜೊತೆಗೆ ಕರೆಯಲಿಲ್ಲ. ನಿಯಮ ಹೇಳಿದೆ. "ನಾ ಯೋ" ಎಂದ. ಅವರ ಭಾಷೆಯಲ್ಲಿ ಅದಕ್ಕೆ "ಸರಿ, ಹಾಗಾದರೆ" ಎಂದರ್ಥ ಎಂದು ಆಮೇಲೆ ತಿಳಿಯಿತು. ವಾದ ಮಾಡಲಿಲ್ಲ. ಬೇಲಿಯ ಪಕ್ಕದ ಬೆಂಚಿನ ಮೇಲೆ ರ್‍ಯಾಕೆಟ್ಟು ತೊಡೆಯ ಮೇಲಿಟ್ಟುಕೊಂಡು, ಡಾಕ್ಟರ ಕೋಣೆಯ ಹೊರಗೆ ಕೂತವರ ಹಾಗೆ ಕೂತ. ಮಾರನೆಯ ದಿನವೂ ಅದೇ ಹೊತ್ತಿಗೆ ಬಂದ, ಅಲ್ಲೇ ಕೂತ.

ನನಗೆ ತಡೆಯಲಾಗಲಿಲ್ಲ. ಪ್ರಾಯದಲ್ಲಿ ನಾನು ಜಿಲ್ಲೆಗೆ ಬಾಲ್ ಬ್ಯಾಡ್ಮಿಂಟನ್ ಆಡಿದವನು. ಟೆನಿಸ್ ಬೇರೆಯೇ ಆಟ, ಆದರೆ ಚೆಂಡು ಎಲ್ಲಿ ಬೀಳುತ್ತದೆ ಎಂದು ಕಣ್ಣಿಗೆ ಗೊತ್ತು. ಅವನ ಹೆಸರಿನ ಪಕ್ಕ ನನ್ನ ಹೆಸರು ಬರೆದು, ಅವನದೇ ಒಂದು ರ್‍ಯಾಕೆಟ್ಟು ಹಿಡಿದು ಬಲೆಯ ಆ ಕಡೆ ಹೋಗಿ ನಿಂತೆ.

ಕ್ರೀಡಾಂಗಣದ ಕ್ಯಾಂಟೀನು ನಡೆಸುವ ಹೆಂಗಸು ಟೀ ಲೋಟ ಹಿಡಿದು ಬೇಲಿಯ ಹತ್ತಿರವೇ ಬಂದುಬಿಟ್ಟಳು.

"ಏನ್ ಸಾರ್, ಈ ವಯಸ್ಸಲ್ಲಿ ಒಲಿಂಪಿಕ್ಸಾ? ಬಿದ್ಗಿದ್ದೀರಾ, ಸೊಂಟ ಗಿಂಟ ಮುರ್ಕೊಂಡ್ರೆ ಮನೇಲಿ ನೀರ್ ಕೊಡೋರ್ ಯಾರವ್ರೆ?"

"ನೀನಿದೀಯಲ್ಲ" ಎಂದೆ.

"ನಾನಾ? ಟೀ ಕೊಟ್ಟೇನು, ನೀರ್ ಕೊಡಕ್ಕಾಗಲ್ಲ!"

ನನಗೆ ಅವನ ಹೊಡೆತ ವಾಪಸು ಕಳಿಸಲು ಆಗುತ್ತಿರಲಿಲ್ಲ. ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಬುಟ್ಟಿಯಿಂದ ಚೆಂಡು ತೆಗೆದು ನಾನು ಒಂದೊಂದಾಗಿ ಹಾಕಬೇಕು, ಅವನು ಮೂಲೆಗೆ ಹೊಡೆಯಬೇಕು. ಬುಟ್ಟಿ ಖಾಲಿಯಾದರೆ ಚೆಂಡುಗಳನ್ನೆಲ್ಲ ಅವನೇ ಆರಿಸುತ್ತಿದ್ದ. ನಾನು ಬಗ್ಗಿದರೆ ದೂರದಿಂದಲೇ ಕೂಗುತ್ತಿದ್ದ: "ತನಾರ್ ಊರ್, ಬೇಡ!" ಅವರ ಊರಿನ ಮಕ್ಕಳು ಮೇಷ್ಟ್ರನ್ನು ಗೌರವದಿಂದ ಕರೆಯುವುದು ಹಾಗೆ. ನಾನು ಶಾಲೆಯ ಮೇಷ್ಟ್ರು ಎಂದು ತಿಳಿದ ದಿನದಿಂದ ಅವನ ಬಾಯಲ್ಲಿ ನನಗೆ ಬೇರೆ ಹೆಸರಿರಲಿಲ್ಲ.

ಅವನ ಶಿಸ್ತು ನನಗೆ ಪರಿಚಿತವಾದದ್ದು. ಅಂಗಿಯನ್ನು ತಾನೇ ಬಕೀಟಿನಲ್ಲಿ ಒಗೆದು ಬೇಲಿಗೆ ಹರವುತ್ತಿದ್ದ. ಮಡಿಸುವಾಗ ತೋಳಿನ ಮೇಲೆ ತೋಳು ಸರಿಯಾಗಿ ಬರಬೇಕು. ನೀರಿನ ಬಾಟಲಿ ಕುರ್ಚಿಯ ಎಡಕ್ಕೆ, ಟವೆಲು ಬಲಕ್ಕೆ. ಹದಿನೆಂಟನೆಯ ವಯಸ್ಸಿನಿಂದ ಒಬ್ಬನೇ ಊರೂರು ಅಲೆದವನು. ಟರ್ಕಿ, ಟ್ಯುನೀಶಿಯ, ಈಜಿಪ್ಟ್. ಯಾವ ಊರಿನಲ್ಲಿ ಏನು ನೋಡಿದೆ ಎಂದು ಕೇಳಿದರೆ ಅವನ ಉತ್ತರ ಒಂದೇ: "ಕೋರ್ಟು, ರೂಮು." ಈ ಆಟದಲ್ಲಿ ಗೆದ್ದವನು ಆ ಊರಿನಲ್ಲಿ ಉಳಿಯುತ್ತಾನೆ, ಸೋತವನು ಅದೇ ದಿನ ಗಂಟು ಕಟ್ಟುತ್ತಾನೆ. ಅವನು ಹೆಚ್ಚಾಗಿ ಗಂಟು ಕಟ್ಟಿದವನು.

ಅವನ ಚೀಲದಲ್ಲಿ ಒಂದು ಡಬ್ಬಿ ಕೆಂಪು ಮೆಣಸಿನ ಪುಡಿ ಇರುತ್ತಿತ್ತು. ಅವನ ಅಮ್ಮ ಕಟ್ಟಿಕೊಟ್ಟದ್ದು. ತಟ್ಟೆ ಇಡ್ಲಿಗೆ ಬೆಣ್ಣೆ ಹಾಕಿಸಿಕೊಂಡು ಮೇಲೆ ಆ ಪುಡಿ ಉದುರಿಸಿಕೊಂಡು ತಿನ್ನುತ್ತಿದ್ದ. ಕ್ಯಾಂಟೀನಿನವಳು ಬೆರಳಿಗೆ ಹಚ್ಚಿ ನೆಕ್ಕಿ ನೋಡಿದಳು.

"ಇದೇನ್ ಸಾರ್, ಕುಂಕುಮದಂಗೈತೆ! ಬಣ್ಣ ಅಷ್ಟೇಯ, ಖಾರನೇ ಇಲ್ಲ. ಪಾಪ, ಇವ್ರೂರಲ್ಲಿ ಖಾರ ಬೆಳೆಯಲ್ವಾ?"

ಅದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಗಂಭೀರವಾಗಿ ಯೋಚಿಸಿ, "ಖಾರದ್ದು ನಮ್ಮ ಚಿಕ್ಕಮ್ಮ ಬೆಳೆಯುತ್ತಾಳೆ. ಅವಳ ಸ್ವಭಾವವೂ ಹಾಗೇ" ಎಂದ. ನಾನು ಕನ್ನಡದಲ್ಲಿ ಹೇಳಿದ್ದೇ ಅವಳು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂದಿನಿಂದ ಅವನು ಅವಳಿಗೆ "ಉದ್ದಣ್ಣ". ಅವನ ಇಡ್ಲಿಗೆ ಬೆಣ್ಣೆ ಕೇಳದೆಯೇ ಬೀಳುತ್ತಿತ್ತು.

ಆ ವರ್ಷ ಅವನು ಒಂದು ಸುತ್ತು ಗೆದ್ದ. ಎರಡನೆಯದರಲ್ಲಿ ಸೋತ. ಮುಂದಿನ ಊರಿಗೆ ಹೋಗಲು ಒಂದು ದಿನ ಬಿಡುವಿತ್ತು. ಅವನ ಅಜ್ಜ ಬಯಲುಸೀಮೆಯಲ್ಲಿ ಕುದುರೆ ಸಾಕುತ್ತಿದ್ದವರಂತೆ. ಕುಣಿಗಲ್‌ನಲ್ಲಿ ಕುದುರೆ ಸಾಕುವ ಫಾರಂ ಇದೆ ಎಂದೆ. ಸರ್ಕಾರಿ ಬಸ್ಸಿನಲ್ಲಿ ಇಬ್ಬರೂ ಹೋದೆವು. ಒಳಗೆ ಬಿಡಲಿಲ್ಲ. ಗೋಡೆ ತಗ್ಗಾಗಿದ್ದ ಕಡೆ ನಿಂತು ನೋಡಿದೆವು. ಒಂದು ಕಂದು ಕುದುರೆ ಮರಿಯ ಜೊತೆ ಮೇಯುತ್ತಿತ್ತು. ಅವನು ಬಹಳ ಹೊತ್ತು ನೋಡಿದ. ಹೊರಡುವಾಗ, "ಇಷ್ಟು ವರ್ಷದಲ್ಲಿ ಕೋರ್ಟು, ರೂಮು ಬಿಟ್ಟು ನೋಡಿದ್ದು ಇದೇ ಮೊದಲು" ಎಂದ. ಆಮೇಲೆ ಕೆರೆಯ ಏರಿಯ ಮೇಲೆ ನಡೆದು, ನಿಂತು, ಕಡಲೆಕಾಯಿ ತಿಂದೆವು. ಅಲ್ಲಿ ಅವನು ತನ್ನ ಮನೆಯ ವಿಷಯ ಹೇಳಿದ. ಅವನ ಅಪ್ಪ ಟ್ರಾಮ್ ಓಡಿಸುತ್ತಿದ್ದವರು. ಮಗ ಚಿಕ್ಕವನಾಗಿದ್ದಾಗ ಇಡೀ ದೇಶದಲ್ಲಿ ಅವನ ವಯಸ್ಸಿನವರಲ್ಲಿ ಅವನೇ ಮೊದಲು. ಊರಿನ ಪತ್ರಿಕೆಯಲ್ಲಿ ಫೋಟೊ ಬಂದಿತ್ತು. ಆ ದಿನ ಅಪ್ಪ ಟ್ರಾಮ್ ಹತ್ತಿದವರಿಗೆಲ್ಲ ಫೋಟೊ ತೋರಿಸಿದರಂತೆ. ಆಮೇಲೆ ಮಣಿಕಟ್ಟು ಕೈಕೊಟ್ಟಿತು. ಎರಡು ವರ್ಷ ಆಡಲಿಲ್ಲ. ವಾಪಸು ಬಂದಾಗ ತನ್ನ ಜೊತೆಯವರೆಲ್ಲ ಒಂದೋ ಮೇಲೆ ಹೋಗಿದ್ದರು, ಇಲ್ಲವೇ ಬಿಟ್ಟು ಬೇರೆ ಕೆಲಸ ಹಿಡಿದಿದ್ದರು. ನಡುವೆ ಉಳಿದವನು ತಾನೊಬ್ಬ.

"ಅಪ್ಪ ಈಗ ಏನನ್ನುತ್ತಾರೆ?" ಎಂದು ಕೇಳಿದೆ.

"ಅಪ್ಪ ಇಲ್ಲ. ಅಮ್ಮ ಪ್ರತಿ ಸೋಮವಾರ ಕಂಪ್ಯೂಟರಿನಲ್ಲಿ ಪಟ್ಟಿ ನೋಡುತ್ತಾಳೆ. ನನ್ನ ಹೆಸರು ಇದ್ದರೆ ನಾನು ಚೆನ್ನಾಗಿದ್ದೇನೆ ಎಂದುಕೊಳ್ಳುತ್ತಾಳೆ. ಫೋನು ಮಾಡುವುದು ತಪ್ಪುತ್ತದೆ."

ಆ ಪಟ್ಟಿಯನ್ನು ಇಲ್ಲಿ ವಿವರಿಸಬೇಕು. ಲೋಕದ ಎಲ್ಲ ವೃತ್ತಿ ಆಟಗಾರರ ಸ್ಥಾನದ ಪಟ್ಟಿ ಅದು. ಇಂಥ ಪಂದ್ಯಾವಳಿಯ ಮುಖ್ಯ ಸುತ್ತಿನಲ್ಲಿ ಒಂದು ಆಟ ಗೆದ್ದರೆ ಒಂದು ಪಾಯಿಂಟು. ಗೆದ್ದ ಪಾಯಿಂಟು ಒಂದು ವರ್ಷ ಮಾತ್ರ ಬಾಳುತ್ತದೆ. ಮಾರನೆಯ ವರ್ಷ ಅದೇ ವಾರ ಕಳಚಿ ಬೀಳುತ್ತದೆ. ಒಂದಾದರೂ ಪಾಯಿಂಟು ಇರುವವರೆಗೆ ಹೆಸರು ಪಟ್ಟಿಯಲ್ಲಿರುತ್ತದೆ.

ಎರಡನೆಯ ಚಳಿಗಾಲ ಅವನು ಮತ್ತೆ ಬಂದಾಗ ಅವನ ಹತ್ತಿರ ಉಳಿದಿದ್ದದ್ದು ಒಂದೇ ಪಾಯಿಂಟು, ಹಿಂದಿನ ವರ್ಷ ನಮ್ಮ ತುಮಕೂರಿನಲ್ಲಿ ಗೆದ್ದದ್ದು. ಉಳಿದ ಊರುಗಳಲ್ಲಿ ಗೆದ್ದವೆಲ್ಲ ಒಂದೊಂದಾಗಿ ಉದುರಿದ್ದವು. ಆ ವಾರ ಮುಗಿದರೆ ಇದೂ ಹೋಗುತ್ತದೆ. ಇಲ್ಲಿ ಒಂದು ಸುತ್ತು ಗೆದ್ದರೆ ಇನ್ನೊಂದು ವರ್ಷ ಅವನು ಟೆನಿಸ್ ಆಟಗಾರ. ಇಲ್ಲದಿದ್ದರೆ ಇಲ್ಲ. ಮೇಜಿನ ಮುಂದೆ ನಿಂತು ಅವನು ಇದನ್ನು ರೈಲಿನ ಹೊತ್ತು ಹೇಳುವವರಂತೆ ಹೇಳಿದ. ಹೇಳಿ, "ಎರಡನೆಯ ಹೆಸರು ನಿಮ್ಮದೇ ತಾನೆ?" ಎಂದ. ಹೌದೆಂದು ಬರೆದುಕೊಂಡೆ.

ಆ ವರ್ಷ ಅವನ ಸ್ಥಾನ ಕೆಳಗಿದ್ದುದರಿಂದ ಮುಖ್ಯ ಸುತ್ತಿಗೆ ನೇರ ಪ್ರವೇಶ ಸಿಗಲಿಲ್ಲ. ಅರ್ಹತೆಯ ಪಂದ್ಯಗಳನ್ನು ಆಡಬೇಕಾಯಿತು. ಕೊನೆಯ ಅರ್ಹತಾ ಪಂದ್ಯದಲ್ಲಿ ತನ್ನ ಅರ್ಧ ವಯಸ್ಸಿನವನ ಎದುರು ಮೂರು ಸೆಟ್ ಆಡಿ ಸೋತ. ಬಾಗಿಲು ಮುಚ್ಚಿತು ಎಂದು ನಾನು ತಿಳಿದೆ. ಪೂರ್ತಿ ಮುಚ್ಚಿರಲಿಲ್ಲ. ಕೊನೆಯ ಅರ್ಹತಾ ಪಂದ್ಯದಲ್ಲಿ ಸೋತವರಿಗೆ ಒಂದು ಅವಕಾಶವಿದೆ. ಮುಖ್ಯ ಸುತ್ತಿನ ಯಾರಾದರೂ ತಮ್ಮ ಆಟ ಶುರುವಾಗುವ ಮುಂಚೆ ಹಿಂದೆ ಸರಿದರೆ ಆ ಜಾಗಕ್ಕೆ ಇವರನ್ನು ಇಳಿಸುತ್ತಾರೆ. ಅಂಥವರನ್ನು ಲಕ್ಕಿ ಲೂಸರ್, ಅದೃಷ್ಟ ಮಾಡಿದ ಸೋತವರು, ಎನ್ನುತ್ತಾರೆ. ಬೆಳಗ್ಗೆ ರೆಫರಿಯ ಮುಂದೆ ಸಹಿ ಹಾಕಿ, ಬಟ್ಟೆ ತೊಟ್ಟು, ಮೈ ಬಿಸಿ ಮಾಡಿಕೊಂಡು, ದಿನವಿಡೀ ಅಲ್ಲೇ ಇರಬೇಕು. ಆಟದ ಮೊದಲ ಚೆಂಡು ಬಿತ್ತೋ, ಆಮೇಲೆ ಯಾರು ಕುಸಿದರೂ ಇವರಿಗೆ ಜಾಗವಿಲ್ಲ. ಕಾಯುವವರ ಸಾಲಿನಲ್ಲಿ ಅವನೇ ಮೊದಲು.

ಮೊದಲ ದಿನ ಅವನು ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ. ಒಂದೊಂದು ಆಟ ಶುರುವಾದಾಗಲೂ ಎದ್ದು ಸ್ವಲ್ಪ ಓಡಿ ಬಂದು ಮತ್ತೆ ಕೂರುತ್ತಿದ್ದ. ಆಟಗಾರರು ಒಳಗೆ ಹೋಗುವಾಗ ಯಾರೂ ಅವನ ಮುಖ ನೋಡುತ್ತಿರಲಿಲ್ಲ. ಕಾಯುವವನನ್ನು ಕಂಡರೆ ಅವರಿಗೆ ಏನೋ ಮುಜುಗರ. ಅವನು ಮಾತ್ರ ಪ್ರತಿಯೊಬ್ಬರಿಗೂ "ಗುಡ್ ಲಕ್" ಹೇಳುತ್ತಿದ್ದ. ಊಟವನ್ನೂ ಅಲ್ಲೇ ಕೂತು ಮಾಡಿದ.

"ಯಾರ್ಗೂ ಒಂದ್ ನೆಗಡೀನಾದ್ರೂ ಬರ್ಬಾರ್ದಾ ಸಾರ್" ಎಂದು ಕ್ಯಾಂಟೀನಿನವಳು ಹಲುಬಿದಳು. ಯಾರಿಗೂ ನೆಗಡಿ ಬರಲಿಲ್ಲ. ಮೊದಲ ಸುತ್ತಿನ ಉಳಿದ ಆಟಗಳು ಮಾರನೆಯ ದಿನಕ್ಕಿದ್ದವು.

ಲಾಡ್ಜಿನಲ್ಲಿ ಅವನ ಜೊತೆ ಕೋಣೆ ಹಂಚಿಕೊಂಡಿದ್ದವನು ಗುಬ್ಬಿಯ ಯುವಕ. ನಮ್ಮ ಜಿಲ್ಲೆಯವನು ಎಂದು ವ್ಯವಸ್ಥಾಪಕರು ಅವನಿಗೆ ಮುಖ್ಯ ಸುತ್ತಿನಲ್ಲಿ ನೇರವಾಗಿ ಒಂದು ಜಾಗ ಕೊಟ್ಟಿದ್ದರು. ಅವನ ಅಪ್ಪ ಕೊಬ್ಬರಿ ವ್ಯಾಪಾರಿ, ಗುಬ್ಬಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿ. ಗುಬ್ಬಿಯ ಹುಡುಗ ಅಂತರರಾಷ್ಟ್ರೀಯ ಆಟಕ್ಕೆ ಇಳಿಯುವುದು ಅದೇ ಮೊದಲು. ಸುದ್ದಿ ತಿಳಿದ ನೆಂಟರು ಹುಡುಗನನ್ನು ಆಟದ ಹಿಂದಿನ ದಿನ ಊರಿಗೆ ಕರೆಸಿಕೊಂಡು, ಶಾಲು ಹೊದಿಸಿ, ಮನೆಮನೆಗೆ ಕರೆದು ಉಣ್ಣಿಸಿದರು. ದೊಡ್ಡಪ್ಪನ ಮನೆಯಲ್ಲಿ ಹೋಳಿಗೆ, ಅತ್ತೆಯ ಮನೆಯಲ್ಲಿ ಒಬ್ಬಟ್ಟಿನ ಸಾರು, ಕೊನೆಗೆ ಸೋದರಮಾವನ ಮನೆಯಲ್ಲಿ ತುಪ್ಪದಲ್ಲಿ ಮುಳುಗಿದ ಕಡುಬು. ಬೇಡ ಎನ್ನಲು ಆ ಹುಡುಗನಿಗೆ ಬಾಯಿಲ್ಲ. ಒಂದು ಮನೆಯಲ್ಲಿ ಉಂಡು ಇನ್ನೊಂದು ಮನೆಯಲ್ಲಿ ಉಣ್ಣದಿದ್ದರೆ ಆ ಮನೆಯವರು ವರ್ಷಗಟ್ಟಲೆ ಮಾತಾಡಿಸುವುದಿಲ್ಲ. ಎಲ್ಲ ಮುಗಿಸಿ ರಾತ್ರಿ ಲಾಡ್ಜಿಗೆ ಮರಳಿದ.

ಬೆಳಗ್ಗೆ ನಾನು ಲಾಡ್ಜಿಗೆ ಹೋದೆ. ಹಂಗೇರಿಯ ನನ್ನ ಗೆಳೆಯನನ್ನು ಕರೆದುಕೊಂಡು ಕ್ರೀಡಾಂಗಣಕ್ಕೆ ನಡೆದು ಹೋಗುವುದು ನಮ್ಮ ವಾಡಿಕೆ. ಬಾಗಿಲು ತೆರೆದೇ ಇತ್ತು. ಗುಬ್ಬಿಯ ಹುಡುಗ ಬಚ್ಚಲಮನೆಯ ಬಾಗಿಲ ಬಳಿ ನೆಲದ ಮೇಲೆ ಚಾಪೆಯಲ್ಲಿ ಮುದುಡಿದ್ದ. ಪಕ್ಕದಲ್ಲಿ ನನ್ನ ಗೆಳೆಯ ಮಂಡಿಯೂರಿ ಕೂತು ಚಮಚದಲ್ಲಿ ಉಪ್ಪು ಸಕ್ಕರೆಯ ನೀರು ಕುಡಿಸುತ್ತಿದ್ದ. ಗೆಳೆಯನ ಎರಡು ಅಂಗಿಗಳು ಹೊಲಸಾಗಿ ಬಕೀಟಿನಲ್ಲಿ ನೆನೆದಿದ್ದವು. ತಾನು ಆಟಕ್ಕೆಂದು ಚೀಲದಲ್ಲಿ ಇಟ್ಟುಕೊಂಡಿದ್ದ ಉಪ್ಪಿನ ಪೊಟ್ಟಣಗಳನ್ನೆಲ್ಲ ಒಡೆದಿದ್ದ. ರಾತ್ರಿಯಿಡೀ ಅವನ ಕಣ್ಣು ಮುಚ್ಚಿಲ್ಲ ಎಂದು ಮುಖವೇ ಹೇಳುತ್ತಿತ್ತು.

ನನಗೆ ತಕ್ಷಣ ಹೊಳೆದದ್ದು ಒಂದೇ. ಈ ಹುಡುಗ ಆಡುವ ಸ್ಥಿತಿಯಲ್ಲಿಲ್ಲ. ಇವನು ಸರಿದರೆ ಆ ಜಾಗ ನನ್ನವನದು. ಎದುರಾಳಿ ಯಾರು ಎಂದು ನನಗೆ ಗೊತ್ತಿತ್ತು. ಈಜಿಪ್ಟಿನಲ್ಲಿ ಒಮ್ಮೆ ನನ್ನವನ ಕೈಯಲ್ಲಿ ಸುಲಭವಾಗಿ ಸೋತವನು.

"ರೆಫರಿಗೆ ಫೋನು ಮಾಡುತ್ತೇನೆ" ಎಂದೆ.

ಅವನು ತಲೆ ಎತ್ತಲಿಲ್ಲ. "ಬೇಡ, ತನಾರ್ ಊರ್. ಹೇಳಬೇಕಾದವನು ಅವನು. ನಾನಲ್ಲ, ನೀವೂ ಅಲ್ಲ."

ಹುಡುಗ ತಾನೇ ಗೊಣಗುಟ್ಟಿದ. "ಆಗಲ್ಲ ಸಾರ್, ವಿಡ್ರಾ ಮಾಡ್ಬಿಡ್ತೀನಿ. ಎದ್ದು ನಿಂತ್ರೆ ಕಣ್ಣು ಕತ್ಲೆ ಬರ್ತೈತೆ. ಅಪ್ಪಂಗೆ ಮಾತ್ರ ನೀವೇ ಹೇಳ್ಬಿಡಿ."

ಹೇಳುವ ಅವಕಾಶ ಅಲ್ಲೇ ಬಂತು. ಕೆಳಗೆ ರಸ್ತೆಯಲ್ಲಿ ಹಾರನ್ನು, ಗದ್ದಲ. ಗುಬ್ಬಿಯಿಂದ ಎರಡು ಟೆಂಪೊ ತುಂಬ ಜನ ಬಂದಿದ್ದರು. ಹಾರ, ಪಟಾಕಿ, ಒಂದು ತಮಟೆ. ಅಪ್ಪ ಹೊಸ ಬಿಳಿ ಪಂಚೆ ಉಟ್ಟು ಮೆಟ್ಟಿಲು ಹತ್ತಿ ಬಂದ. ಮಗನನ್ನು ನೋಡಿ ಬಾಗಿಲಲ್ಲೇ ನಿಂತ.

"ಏನ್ಲಾ ಇದು? ಎದ್ದೇಳೋ. ಗುಬ್ಬಿಗ್ ಗುಬ್ಬೀನೇ ಬಂದೈತೆ ಕಣೋ ಕೆಳಗೆ."

"ಕೂತುಕೊಳ್ಳಪ್ಪ" ಎಂದೆ. ಕೂರಿಸಿ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಹುಡುಗನ ಸ್ಥಿತಿ, ನಿಯಮ, ಈಗ ಸರಿದರೆ ಆ ಜಾಗ ಯಾರಿಗೆ ಹೋಗುತ್ತದೆ, ಅದು ಅವನಿಗೆ ಏನು, ಇವತ್ತು ತಪ್ಪಿದರೆ ಏನಾಗುತ್ತದೆ. ಅವನು ಕೇಳಿಸಿಕೊಂಡ. ಕೆಟ್ಟವನಲ್ಲ, ಶಾಲೆಯಲ್ಲಿ ಕಬಡ್ಡಿ ಆಡುವಾಗ ತಾನು ಔಟಾದರೆ ತಾನೇ ಕೈಯೆತ್ತಿ ಹೊರಗೆ ಬರುತ್ತಿದ್ದ ಹುಡುಗ.

"ಮೇಷ್ಟ್ರೇ, ನಿಮ್ಮ ಮಾತ್ ನಾನ್ ಯಾವತ್ತೂ ಮೀರಿಲ್ಲ. ಆದ್ರೆ ಅವ್ರು ದೇಶ ದೇಶ ತಿರ್ಗೋರು. ಈ ಊರಲ್ಲಿ ಇಲ್ದಿದ್ರೆ ಇನ್ನೊಂದೂರಲ್ಲಿ ಆಡ್ತಾರೆ. ನನ್ ಮಗಂಗೆ ಈ ಜಾಗ ಮತ್ತೆ ಯಾರ್ ಕೊಡ್ತಾರೆ? ಕೆಳಗೆ ನಮ್ಮವ್ವ ಕೂತವ್ಳೆ, ಕಣ್ಣು ಸರ್ಯಾಗ್ ಕಾಣಲ್ಲ, ಆದ್ರೂ ಬಂದವ್ಳೆ. ಅವ್ಳಿಗೆ ಏನಂತ ಹೇಳ್ಲಿ?"

ಅವನಿಗೆ ಇನ್ನೊಂದು ಊರಿಲ್ಲ ಎಂದೆ. ಅಪ್ಪ ಕಿಟಕಿಯ ಹತ್ತಿರ ಹೋಗಿ ಕೆಳಗಿನ ಟೆಂಪೊಗಳನ್ನು ನೋಡಿದ.

ಮಾತು ಅರ್ಥವಾಗದಿದ್ದರೂ ನನ್ನ ಗೆಳೆಯನಿಗೆ ವಿಷಯ ಅರ್ಥವಾಗಿತ್ತು. ಎದ್ದು ಹುಡುಗನ ಕೈ ಹಿಡಿದು ನಿಲ್ಲಿಸಿದ. ಒಂಟಿ ಕಾಲಿನಲ್ಲಿ ನಿಲ್ಲು ಎಂದ. ಹುಡುಗ ನಿಂತ, ತೂಗಾಡಿದ, ಮತ್ತೆ ನಿಂತ. ಕಣ್ಣಿನ ರೆಪ್ಪೆ ಎಳೆದು ನೋಡಿದ. "ನಿಲ್ಲುತ್ತಾನೆ" ಎಂದ.

ಹುಡುಗ ಅವನನ್ನೇ ಕೇಳಿದ. ಇಂಗ್ಲಿಷಿನಲ್ಲಿ ಕೇಳಿದ: ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?

ಆ ಕೋಣೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಫ್ಯಾನು ತಿರುಗುತ್ತಿತ್ತು, ಕೆಳಗೆ ತಮಟೆಯವನು ಒಂದೆರಡು ಪೆಟ್ಟು ಹಾಕಿ ನೋಡುತ್ತಿದ್ದ. ನನ್ನ ಗೆಳೆಯ ಸುಳ್ಳು ಹೇಳಬೇಕಾಗಿರಲಿಲ್ಲ. "ನನಗೆ ಗೊತ್ತಿಲ್ಲ" ಎಂದಿದ್ದರೆ ಸಾಕಿತ್ತು. ಸುಮ್ಮನಿದ್ದರೂ ಸಾಕಿತ್ತು. ಹುಡುಗ ಮತ್ತೆ ಚಾಪೆಯ ಮೇಲೆ ಕೂರುತ್ತಿದ್ದ.

"ನಾನು ಆಡುತ್ತಿದ್ದೆ" ಎಂದ. "ನಾನು ಯಾವಾಗಲೂ ಆಡಿದ್ದೇನೆ."

ಹೇಳಿ, ಹುಡುಗನ ರ್‍ಯಾಕೆಟ್ಟಿನ ಹಿಡಿಗೆ ಸುತ್ತಿದ್ದ ಹಳೆಯ ಪಟ್ಟಿ ಬಿಚ್ಚಿ, ತನ್ನ ಚೀಲದಿಂದ ಹೊಸದು ತೆಗೆದು ಸುತ್ತಿಕೊಟ್ಟ. ಬೆವರಿದರೆ ಜಾರಬಾರದಲ್ಲ.

ಆಟ ಮಧ್ಯಾಹ್ನ ಶುರುವಾಯಿತು. ಗುಬ್ಬಿಯವರು ಒಂದು ಕಡೆಯ ಮೆಟ್ಟಿಲನ್ನೆಲ್ಲ ತುಂಬಿದ್ದರು. ನನ್ನ ಗೆಳೆಯ ಬೆಳಗ್ಗೆಯೇ ಸಹಿ ಹಾಕಿ, ಬಿಳಿ ಬಟ್ಟೆ ತೊಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದ. ಮೊದಲ ಚೆಂಡು ಬೀಳುವ ಕ್ಷಣದವರೆಗೂ ಆಸೆ ಇರುತ್ತದೆ. ಅಂಪೈರು "ಪ್ಲೇ" ಎಂದರು. ಚೆಂಡು ಮೇಲೆ ಹೋಯಿತು, ಕೆಳಗೆ ಬಂತು. ಅವನು ಚೀಲ ಇಳಿಸಿ ಕುರ್ಚಿಯ ಮೇಲಿಟ್ಟ.

ಹುಡುಗ ಮೊದಲೆರಡು ಗೇಮು ಸೋತ. ಮೂರನೆಯದನ್ನು ಎಲ್ಲಿಂದಲೋ ಶಕ್ತಿ ತಂದುಕೊಂಡು ಗೆದ್ದ. ತಮಟೆ ಸಿಡಿಯಿತು, ಅಂಪೈರು ಮೈಕಿನಲ್ಲಿ ಬೈದರು. ಆ ಗೇಮಿಗೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಗೇಟಿನ ಪಕ್ಕ ನಿಂತಿದ್ದವನು. ನಾಲ್ಕನೆಯ ಗೇಮಿನ ನಡುವೆ ಹುಡುಗ ರ್‍ಯಾಕೆಟ್ಟಿಗೆ ಒರಗಿದ, ಹಾಗೇ ಗೆರೆಯ ಮೇಲೆ ಕೂತ, ಎದುರಾಳಿಯ ಕೈ ಕುಲುಕಲೂ ಏಳಲಾಗಲಿಲ್ಲ. ಇಬ್ಬರು ಎತ್ತಿಕೊಂಡು ಹೊರಗೆ ತಂದರು. ಮೆಟ್ಟಿಲ ಮೇಲಿದ್ದ ಅಜ್ಜಿ ಪಕ್ಕದವರನ್ನು ಕೇಳುತ್ತಿದ್ದಳು: "ಗೆದ್ನಾ? ನಮ್ ಹುಡ್ಗ ಗೆದ್ನಾ?"

"ಗೆದ್ದ ಕಣವ್ವ, ಒಂದ್ ಗೆದ್ದ" ಎಂದು ಅಪ್ಪ ಕಣ್ಣೊರೆಸಿಕೊಳ್ಳುತ್ತ ಹೇಳಿದ. ಆಮೇಲೆ ನಮ್ಮ ಹತ್ತಿರ ಬಂದು ನನ್ನ ಗೆಳೆಯನಿಗೆ ಕೈ ಮುಗಿದ. ಅವನೂ ನಮ್ಮವರ ಹಾಗೇ ಎರಡೂ ಕೈ ಜೋಡಿಸಿ ತಲೆ ಬಾಗಿಸಿದ.

ಉಳಿದ ಆಟಗಳೂ ಒಂದೊಂದಾಗಿ ಶುರುವಾದವು. ಕೊನೆಯದರ ಮೊದಲ ಚೆಂಡು ಬಿದ್ದಾಗ ಸಂಜೆಯ ಬಿಸಿಲು ಹಳದಿಯಾಗಿತ್ತು. ಅವನು ಸ್ವಲ್ಪ ಹೊತ್ತು ಆ ಆಟ ನೋಡಿದ. "ನಾ ಯೋ" ಎಂದು ಚೀಲದ ಜಿಪ್ಪು ಎಳೆದ. ಹದಿನಾರು ವರ್ಷದ ವೃತ್ತಿ ಅಲ್ಲಿಗೆ ಮುಗಿಯಿತು. ಯಾರೂ ಮೈಕಿನಲ್ಲಿ ಹೇಳಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಬಿಳಿ ಬಟ್ಟೆಗೆ ಬೆವರಿನ ಒಂದು ಕಲೆಯೂ ಇರಲಿಲ್ಲ.

ಮಾರನೆಯ ದಿನ ಬೆಂಗಳೂರಿನ ಬಸ್ಸು ಹತ್ತಿಸಲು ನಾನೇ ಹೋಗಿದ್ದೆ. ಬಸ್ಸು ಬರುವುದು ತಡವಾಯಿತು. ನನ್ನ ತಲೆಯಲ್ಲಿ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ. "ರಾತ್ರಿ ಅವನಿಗೆ ನೀರು ಕುಡಿಸುವಾಗ, ಅವನು ಏಳದಿದ್ದರೆ ನಿನ್ನ ಆಟ ಎಂದು ನಿನಗೆ ಗೊತ್ತಿತ್ತೇ?"

"ಗೊತ್ತಿತ್ತು" ಎಂದ. "ಅವನಿಗೆ ಬಾಯಾರಿಕೆಯಾಗಿತ್ತು."

ಬಸ್ಸು ಬರುವ ದಾರಿ ನೋಡುತ್ತ ತಾನಾಗಿಯೇ ಹೇಳಿದ: "ಹದಿನಾರು ವರ್ಷ ಬೇರೆ ಬೇರೆ ಊರಿನ ಲಾಡ್ಜಿನಲ್ಲಿ ನನಗೂ ಹೊಟ್ಟೆ ಕೆಟ್ಟಿದೆ. ಜ್ವರ ಬಂದಿದೆ. ಒಬ್ಬನೇ ಇದ್ದೆ. ಯಾರಾದರೂ ಇದ್ದಿದ್ದರೆ ಎಂದು ಆಗೆಲ್ಲ ಅನಿಸುತ್ತಿತ್ತು. ಇಲ್ಲಿ ಅವನಿಗೆ ನಾನಿದ್ದೆ. ಅಷ್ಟೇ."

ಬಸ್ಸು ಬಂತು. ಉದ್ದನೆಯ ಚೀಲ ಸೀಟಿನ ನಡುವೆ ಹಿಡಿಸದೆ, ಕಂಡಕ್ಟರ ಹತ್ತಿರ ಬೈಸಿಕೊಂಡು, ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಕಿಟಕಿಯಿಂದ, "ಅಮ್ಮನಿಗೆ ಫೋನು ಮಾಡಬೇಕು, ಸೋಮವಾರಕ್ಕೆ ಮುಂಚೆ" ಎಂದ.

ಸೋಮವಾರ ನಾನೂ ಪಟ್ಟಿ ನೋಡಿದೆ. ನೋಡುವುದನ್ನು ಆ ವರ್ಷದಲ್ಲಿ ಕಲಿತಿದ್ದೆ. ಉದ್ದ ಪಟ್ಟಿ, ಕೊನೆಯವರೆಗೆ ಬೆರಳು ಜಾರಿಸಿಕೊಂಡು ಹೋದೆ. ಹೆಸರಿರಲಿಲ್ಲ. ಮನೆಯಲ್ಲಿ ಅದನ್ನು ಹೇಳಲು ಯಾರೂ ಇರಲಿಲ್ಲ. ಎದ್ದು ಉಪ್ಪಿಟ್ಟು ಮಾಡಿಕೊಂಡೆ.

ಈಗ ಅವನು ತನ್ನ ಊರಿನ ನದಿಯ ದಂಡೆಯ ಕೆಂಪು ಮಣ್ಣಿನ ಕೋರ್ಟಿನಲ್ಲಿ ಮಕ್ಕಳಿಗೆ ಕಲಿಸುತ್ತಾನೆ. ಮಕ್ಕಳು ಅವನನ್ನೂ ಮೇಷ್ಟ್ರೇ ಎಂದು ಕರೆಯುತ್ತಾರೆ ಎಂದು ಒಮ್ಮೆ ತಿಳಿಸಿದ್ದ. ಗುಬ್ಬಿಯ ಹುಡುಗ ಮುಂದಕ್ಕೆ ಹೋಗಲಿಲ್ಲ, ಅಪ್ಪನ ಕೊಬ್ಬರಿ ಮಂಡಿಯಲ್ಲಿ ಕೂರುತ್ತಾನೆ. ನನ್ನ ಗೆಳೆಯನಿಂದ ನನಗೆ ಬಂದದ್ದನ್ನು ಹೇಳುವುದು ಕಷ್ಟ. ಗಂಟೆಗೆ ಸರಿಯಾಗಿ ಏಳುವುದನ್ನು, ಉಣ್ಣುವುದನ್ನು, ಮಲಗುವುದನ್ನು ಮಠದಲ್ಲಿ ಕಲಿತೆ. ಒಬ್ಬನೇ ಇರುವವನು ಆ ಶಿಸ್ತನ್ನು ತನಗಾಗಿ ಮಾತ್ರ ಕಾಪಾಡಿಕೊಂಡರೆ ಅದು ಒಣಗಿಹೋಗುತ್ತದೆ ಎಂದು ಅವನನ್ನು ನೋಡಿ ತಿಳಿದೆ. ನನ್ನ ಒಂಟಿತನ ಅದರಿಂದ ಕಡಿಮೆಯಾಗಲಿಲ್ಲ. ಅದನ್ನು ಹೊತ್ತು ನಡೆಯುವ ರೀತಿ ಮಾತ್ರ ಬದಲಾಯಿತು. ಆ ಋಣ ಅವನದು.

ಮೊನ್ನೆ ಕ್ರೀಡಾಂಗಣದಲ್ಲಿ ಟೀ ಕುಡಿಯುವಾಗ ಕ್ಯಾಂಟೀನಿನವಳು ಲೋಟ ಒರೆಸುತ್ತ ಕೇಳಿದಳು.

"ಉದ್ದಣ್ಣ ಆಮೇಲ್ ಬರ್ಲೇ ಇಲ್ವಲ್ಲ ಸಾರ್. ಸೋತು ಸೋತು ಬೇಜಾರಾಗಿ ಬುಟ್ಬುಟ್ನಾ?"

"ಸೋತು ಬಿಟ್ಟದ್ದಲ್ಲಮ್ಮ. ಆ ಸಲ ಅವನಿಗೆ ಮುಖ್ಯ ಸುತ್ತಿನ ಆಟವೇ ಸಿಗಲಿಲ್ಲ."

"ಅಯ್ಯೋ, ಅಷ್ಟ್ ದೂರದಿಂದ ಬಂದು! ಯಾರ್ ಸಾರ್ ಕಿತ್ಕೊಂಡಿದ್ದು?"

"ಯಾರೂ ಕಿತ್ತುಕೊಳ್ಳಲಿಲ್ಲ" ಎಂದೆ. "ಅವನೇ ಎತ್ತಿಕೊಟ್ಟ."